ಕೊಸರು

ಕೋಡಿಬಾಗ, ಮಧ್ಯಾಹ್ನ. ಫ್ಯಾನಿದೆ, ಕರೆಂಟಿಲ್ಲ.
ಡಾ. ಮುಕ್ತಾ ರಾಯ್ಕರರ ಬಡ್ತಿಯ ಕಡತ ನನ್ನ ಮೇಜಿನ ಮೇಲೆ,
ಕಡಲಗಾಳಿಗೆ ಹಾರದಂತೆ ಅವರೇ ಇಟ್ಟುಹೋದ
ಒಂದು ಕಲ್ವದ ಚಿಪ್ಪು.

ನಾನು ಗುಮಾಸ್ತ. ಜೀವಶಾಸ್ತ್ರ ಓದಿದ್ದು ಹತ್ತನೆಯವರೆಗೆ,
ಅದೂ ಕಪ್ಪೆಯ ಚಿತ್ರ ಬಿಡಿಸಿ ಪಾಸಾದದ್ದು.
ಎಣಿಸುವುದು ಮಾತ್ರ ಬರುತ್ತದೆ.
ಇಪ್ಪತ್ತಾರು ಪ್ರಬಂಧ. ಮುನ್ನೂರ ಹನ್ನೆರಡು ಉಲ್ಲೇಖ.
ತಮ್ಮನ್ನು ತಾವೇ ಉಲ್ಲೇಖಿಸಿಕೊಂಡದ್ದು ನಲವತ್ತೊಂದು: ಕಳೆ.
ಎಚ್-ಇಂಡೆಕ್ಸ್ ಒಂಬತ್ತು. ಹಾಗೆಂದರೆ,
ಅವರು ಬೆರಳು ಮಡಚಿ ಹೇಳಿಕೊಟ್ಟರು,
ಒಂಬತ್ತು ಪ್ರಬಂಧ ಇರಬೇಕು, ಒಂದೊಂದನ್ನೂ
ಒಂಬತ್ತು ಮಂದಿಯಾದರೂ ನೆನೆದಿರಬೇಕು.
ನಮ್ಮ ಮನೆಯಲ್ಲಿ ಹೀಗೆ ಲೆಕ್ಕ ಹಾಕಿದರೆ
ನನ್ನದು ಎರಡು ಬರಬಹುದು,
ಸಂಬಳದ ದಿನ ಮೂರು.

ಹೆಚ್ಚು ನೆನೆದದ್ದು ಯಾವುದನ್ನು? ಲೋಳೆಯನ್ನು.
ಚಿಪ್ಪಿಮಾಂಸದ ಲೋಳೆಯಲ್ಲಿ ಸಿಕ್ಕಿಕೊಂಡ ಡಿಎನ್‌ಎಯನ್ನು
ಬಿಡಿಸಿಕೊಳ್ಳುವ ಬಗೆ. ನಾಲ್ಕೇ ಪುಟ.
ಫ್ರೀಜರು ಕೆಟ್ಟ ಒಂದು ದಿನ ಗಡಿಬಿಡಿಯಲ್ಲಿ
ಉಪ್ಪು ಜಾಸ್ತಿ ಬಿದ್ದು ಹೊಳೆದದ್ದಂತೆ.
ಅದಕ್ಕೆ ನೂರ ಮೂವತ್ತೆಂಟು. ಕೊರಿಯಾದ ಅಣಬೆಯವರು,
ಬ್ರೆಜಿಲ್ಲಿನ ಬಸವನಹುಳುವಿನವರು,
ಕಾಳಿ ನದಿಯನ್ನು ಕಂಡೇ ಇರದವರು.

ಇನ್ನೊಂದಕ್ಕೆ ಇಪ್ಪತ್ತೆರಡು. ಅದರಲ್ಲಿ ಏಳು
'ರಾಯ್ಕರ ಮತ್ತಿತರರು ಎಡವಿದ್ದಾರೆ' ಎಂದೇ ಶುರು.
ಮೇಡಂ, ಇವನ್ನೂ ಎಣಿಸಲೇ?
ಎಣಿಸಿ. ಮೀನುಪೇಟೆಯಲ್ಲಿ ಬೈದು ಹೋದವನೂ
ಗಿರಾಕಿಯೇ, ಅಂದರು. ನಗಲಿಲ್ಲ.

ಹತ್ತೊಂಬತ್ತನೆಯ ಸಾಲು. ಶೂನ್ಯ.
ಹದಿನಾಲ್ಕು ವರ್ಷದ ಶೂನ್ಯ.
ಸಣ್ಣ ಪತ್ರಿಕೆ, ಈಗ ನಿಂತೇಹೋಗಿದೆ.
ಅಳಿವೆಯಲ್ಲಿ ಎಲ್ಲರೂ ಒಂದೇ ಎಂದುಕೊಂಡ ಚಿಪ್ಪಿ
ಒಂದಲ್ಲ, ಎರಡು ಕುಲ. ಸೇತುವೆಯ ಮೇಲುಗಡೆಯದು
ಸಿಹಿನೀರು ತಾಳುತ್ತದೆ. ದೇವಬಾಗದ ಕಡೆಯದು
ಮೊದಲ ಕೆಂಪುನೀರು ಇಳಿದಾಗ ಬೀಜ ಬಿಡುತ್ತದೆ,
ಆ ಎರಡು ವಾರ ಅದಕ್ಕೆ ಕೈಹಾಕಬಾರದು.
ಆರುನೂರ ಐವತ್ತೆಂಟು ಅಕ್ಷರದಲ್ಲಿ ನಲವತ್ತು ಬೇರೆ,
ಅಷ್ಟೇ. ಹೊರಗಿನಿಂದ ನೋಡಿದರೆ ಅಕ್ಕತಂಗಿ.
ಇಪ್ಪತ್ತಾರರಲ್ಲಿ ನನಗೆ ಅರ್ಥವಾದದ್ದು ಇದೊಂದೇ.

ಕೊನೆಗೆ ಕೃತಜ್ಞತೆ: ಮಾದರಿ ಹೆಕ್ಕಿಕೊಟ್ಟ
ಶ್ರೀ ಕೆ. ಟಂಡೇಲರಿಗೆ.

ಶ್ರೀ ಅಲ್ಲ. ಟಂಡೇಲೂ ಅಲ್ಲ. ಕುಸುಮಾ ತಾಂಡೇಲ,
ಪೇಟೆಯ ಗೇಟಿನಿಂದ ಮೂರನೆಯ ಬುಟ್ಟಿ.
ನನಗೆ ಗೊತ್ತು, ಚಿಲ್ಲರೆಗಾಗಿ ಜಗಳವಾಡಿದ್ದೇನೆ.
ಕಳೆದ ಜೂನಿನಲ್ಲಿ ಚಿಪ್ಪಿ ಕೇಳಿದರೆ ಕೈಯಾಡಿಸಿದ್ದಳು:
'ದೇವಬಾಗದ್ದು ಈಗ ತೆಗೆಯೂದಿಲ್ಲ, ಬಸುರಿ ಅದು.
ಮುಕ್ತಾಬಾಯಿ ನೋಡಿ ಹೇಳಿದ್ದಾರೆ.
ನಮ್ಮ ಕೇರಿಯಲ್ಲಿ ಯಾರೂ ತೆಗೆಯೂದಿಲ್ಲ.'
ಹೇಳುತ್ತಲೇ ಇನ್ನೊಬ್ಬಳಿಗೆ ಒಣಸೀಗಡಿ ಅಳೆದಿದ್ದಳು.

ಇದು ಯಾವ ಕಲಮಿಗೆ?
ನಮೂನೆ ಆರು ತಿರುವಿದೆ, ಅನುಬಂಧ ತಿರುವಿದೆ.
ಶೂನ್ಯದ ಪಕ್ಕ ಪೆನ್ಸಿಲಿನಲ್ಲಿ ಒಂದು ಎಂದು ಬರೆದೆ.
ಮೇಡಂ ಕಂಡರು, ವಿಷಯ ಕೇಳಿದರು,
ಬೆರಳಿನಿಂದಲೇ ಉಜ್ಜಿ ಅಳಿಸಿದರು.
ಸಾಕ್ಷಿ ಎಲ್ಲಿದೆ, ಅಂದರು.
ಆಮೇಲೆ ಆ 'ಶ್ರೀ' ಮೇಲೆ ಅದೇ ಬೆರಳು
ತುಂಬ ಹೊತ್ತು ನಿಂತಿತು.
ಹದಿನಾಲ್ಕು ವರ್ಷ ಯಾರೂ ಓದಿಲ್ಲ ನೋಡಿ,
ನಾನೂ ಓದಿಲ್ಲ.

ಕಡತ ರಿಜಿಸ್ಟರ್ ಅಂಚೆಯಲ್ಲಿ ಧಾರವಾಡಕ್ಕೆ ಹೋಯಿತು,
ಒಂದು ಕಿಲೋ ನಾನೂರು ಗ್ರಾಂ.
ಬರುವ ದಾರಿಯಲ್ಲಿ ಪೇಟೆ. ಈಗ ಜನವರಿ, ಬುಟ್ಟಿ ತುಂಬಿತ್ತು.
ಕುಸುಮಾ ನೂರು ಎಣಿಸಿದಳು, ಐದೈದಾಗಿ,
ಆಮೇಲೆ ಎಣಿಸದೆ ಒಂದು ಹಿಡಿ.
ಇದೆಷ್ಟು? ಎಂದೆ, ಅಭ್ಯಾಸಬಲ.
ಕೊಸರಿಗೂ ಲೆಕ್ಕ ಕೇಳ್ತಾರೇನ್ರೋ ಮಾರಾಯ್ರೇ, ಅಂದು
ಚೀಲದ ಬಾಯಿ ಕಟ್ಟಿದಳು.

ಮನೆಯವರೆಗೂ ಅದು ಸೋರುತ್ತಿತ್ತು,
ಬಸ್ಸಿನಲ್ಲಿ, ನನ್ನ ಇಸ್ತ್ರಿಯ ಪ್ಯಾಂಟಿನ ಮೇಲೆ,
ಉಪ್ಪುನೀರು.